ಆರ್‌ಎಸ್‌ಎಸ್ ಫೀಡ್: ಮೂರಕ್ಷರದ ಒಂದು ಇತಿಹಾಸ

ಕೆಲವು ಜಾಲತಾಣಗಳ ಮೂಲೆಯಲ್ಲಿ ಕಿತ್ತಳೆ ಬಣ್ಣದ ಪುಟ್ಟ ಚೌಕವೊಂದನ್ನು ನೀವು ಕಂಡಿರಬಹುದು. ಅದರೊಳಗೆ ಬಿಳಿಯ ಚುಕ್ಕಿ, ಎರಡು ಕಮಾನುಗಳು. ಅದು ಫೀಡ್‌ನ ಗುರುತು.

ಏರ್ಪಾಡು ಬಹು ಸರಳವಾದುದು. ತಾಣವು ತನ್ನ ಹೊಸ ಬರಹಗಳ ಶೀರ್ಷಿಕೆ, ಕೊಂಡಿ, ಸಾರಾಂಶಗಳನ್ನು ಎಕ್ಸ್‌ಎಂಎಲ್ ಕಡತವೊಂದರಲ್ಲಿ ಇಟ್ಟಿರುತ್ತದೆ. ಓದುಗನ ಫೀಡ್ ರೀಡರ್ ಎಂಬ ತಂತ್ರಾಂಶವು ಆಗಾಗ ಅಲ್ಲಿಗೆ ಹೋಗಿ, ಹೊಸತಿದ್ದರೆ ತಂದೊಪ್ಪಿಸುತ್ತದೆ. ಓದುಗನು ತನ್ನ ಹೆಸರನ್ನಾಗಲಿ ಮಿಂಚಂಚೆಯ ವಿಳಾಸವನ್ನಾಗಲಿ ತಾಣಕ್ಕೆ ಕೊಡಬೇಕಾಗಿಲ್ಲ.

1999ರ ಮಾರ್ಚ್‌ನಲ್ಲಿ ಅಮೆರಿಕದ ನೆಟ್‌ಸ್ಕೇಪ್ ಕಂಪನಿಯಲ್ಲಿ ಇದು ರೂಪುಗೊಂಡಿತು. ರೂಪಿಸಿದವರು ಡ್ಯಾನ್ ಲಿಬ್ಬಿ ಮತ್ತು ರಾಮನಾಥನ್ ಗುಹಾ. ಗುಹಾ ಅವರು ಮದ್ರಾಸಿನ ಐಐಟಿಯಲ್ಲಿ ಕಲಿತವರೆಂಬುದು ನಮಗೆ ಸಂತೋಷದ ಸಂಗತಿ. ನೆಟ್‌ಸ್ಕೇಪ್ ಬಹುಬೇಗ ಈ ಕೂಸನ್ನು ಕೈಬಿಟ್ಟಿತು. ಆಮೇಲೆ ದಾಯಾದಿ ಕಲಹ. 2000ದ ಡಿಸೆಂಬರ್‌ನಲ್ಲಿ ಒಂದು ಬಳಗ 1.0 ಆವೃತ್ತಿಯನ್ನು ಹೊರತಂದಿತು. ಆ ಬಳಗದಲ್ಲಿದ್ದ ಆರನ್ ಸ್ವಾರ್ಟ್ಜ್‌ಗೆ ಆಗ ಹದಿನಾಲ್ಕೇ ವರ್ಷ, ನಮ್ಮ ಒಂಬತ್ತನೆಯ ತರಗತಿಯ ವಯಸ್ಸು! ಬೇರೊಂದು ದಾರಿ ಹಿಡಿದ ಡೇವ್ ವೈನರ್ 2002ರಲ್ಲಿ 2.0 ಪ್ರಕಟಿಸಿದರು. ಆರ್‌ಡಿಎಫ್ ಸೈಟ್ ಸಮ್ಮರಿ, ರಿಚ್ ಸೈಟ್ ಸಮ್ಮರಿ, ರಿಯಲಿ ಸಿಂಪಲ್ ಸಿಂಡಿಕೇಶನ್ ಎಂದು ಮೂರಕ್ಷರಕ್ಕೆ ಮೂರು ವಿಗ್ರಹವಾಕ್ಯಗಳು! ವ್ಯಾಕರಣದ ಮೇಷ್ಟ್ರೂ ತಬ್ಬಿಬ್ಬಾಗಬೇಕು. ಜಗಳ ಸಾಕೆಂದು ಕೆಲವರು ಆಟಮ್ ಎಂಬ ಇನ್ನೊಂದನ್ನು ಕಟ್ಟಿದರು.

2005ರಲ್ಲಿ ಬಂದ ಗೂಗಲ್ ರೀಡರ್ ಅತ್ಯಂತ ಜನಪ್ರಿಯವಾಯಿತು. ಬಳಕೆ ಇಳಿದಿದೆಯೆಂಬ ಕಾರಣ ನೀಡಿ ಕಂಪನಿಯು ಅದನ್ನು 2013ರ ಜುಲೈ 1ರಂದು ನಿಲ್ಲಿಸಿತು. ಫೀಡ್ ಸತ್ತಿತೆಂದು ಹಲವರು ಬರೆದರು. ನನಗೆ ಆ ಮಾತು ಒಪ್ಪಿಗೆಯಿಲ್ಲ. ಮುಚ್ಚಿದ್ದು ಒಂದು ಅಂಗಡಿ ಮಾತ್ರ. ರಸ್ತೆ ಯಾರ ಸ್ವತ್ತೂ ಆಗಿರಲಿಲ್ಲ. ಆದರೆ ಜನರು ಅಷ್ಟರಲ್ಲಿ ಫೇಸ್‌ಬುಕ್, ಟ್ವಿಟರ್‌ಗಳತ್ತ ಹೊರಳಿದ್ದರು. ಅಂಥಲ್ಲಿ ಯಾವುದು ಮೊದಲು ಕಾಣಬೇಕು, ಯಾವುದು ಮರೆಯಾಗಬೇಕು ಎಂಬುದನ್ನು ಬಹುಮಟ್ಟಿಗೆ ಕಂಪನಿಯ ಗಣಕಸೂತ್ರವೇ ನಿರ್ಧರಿಸುತ್ತದೆ. ಫೀಡ್‌ನಲ್ಲಿ ಆಯ್ಕೆ ಓದುಗನದೇ. ತರಿಸಿಕೊಂಡ ಪತ್ರಿಕೆಯ ಪುಟಗಳನ್ನು ನಡುವೆ ಯಾರೂ ಹರಿದಿಟ್ಟುಕೊಳ್ಳುವುದಿಲ್ಲ. ಇದನ್ನು ನಾವು ಹಗುರವಾಗಿ ಬಿಟ್ಟುಕೊಟ್ಟೆವೆಂದೇ ನನ್ನ ಎಣಿಕೆ.

ನೀವು ಕೇಳುವ ಪಾಡ್‌ಕಾಸ್ಟ್‌ಗಳು ಇಂದಿಗೂ ಬಹುಪಾಲು ಈ ಆರ್‌ಎಸ್‌ಎಸ್ ಮೂಲಕವೇ ಹಂಚಿಕೆಯಾಗುತ್ತವೆ. ಕನ್ನಡ ವಿಕಿಪೀಡಿಯದ ಇತ್ತೀಚೆಗಿನ ಬದಲಾವಣೆಗಳಿಗೂ ಫೀಡ್ ಉಂಟು. ವರ್ಡ್‌ಪ್ರೆಸ್‌ನಲ್ಲಿ ಕಟ್ಟಿದ ತಾಣವಾದರೆ, ವಿಳಾಸದ ಕೊನೆಗೆ ಓರೆಗೆರೆ ಹಾಕಿ ಫೀಡ್ ಎಂಬ ಪದವನ್ನು ಇಂಗ್ಲಿಷಿನಲ್ಲಿ ಸೇರಿಸಿರಿ. ಸಾಮಾನ್ಯವಾಗಿ ಅಷ್ಟೇ ಸಾಕು.