ಲೆಕ್ಕದ ಕಡತದಲ್ಲಿ ರಂಗಭೂಮಿ: ಮೈಸೂರಿನ ದಾಖಲೆಗಳು ಮತ್ತು ನಾಟಕ ಚರಿತ್ರೆ

ರಂಗಭೂಮಿಯ ಚರಿತ್ರೆಯನ್ನು ನಾಟಕಕೃತಿಗಳ ಚರಿತ್ರೆಯಾಗಿಯೇ ಬರೆಯುವ ರೂಢಿ ಕನ್ನಡದಲ್ಲಿ ಬಲವಾಗಿ ಬೇರೂರಿದೆ. ಚಿಕ್ಕದೇವರಾಜ ಒಡೆಯರ (1673–1704) ಆಸ್ಥಾನದ ಸಿಂಗರಾರ್ಯನ ‘ಮಿತ್ರವಿಂದಾ ಗೋವಿಂದ’ದಿಂದ ತೊಡಗಿ, ಎರಡು ಶತಮಾನಗಳನ್ನು ಒಂದೇ ನೆಗೆತಕ್ಕೆ ದಾಟಿ, ಬಸವಪ್ಪಶಾಸ್ತ್ರಿಗಳ (1843–1891) ‘ಶಾಕುಂತಲ’ಕ್ಕೆ ಬರುವುದು ಈ ಕಥನದ ವಾಡಿಕೆಯ ಕ್ರಮ. ಹರ್ಷನ ‘ರತ್ನಾವಳಿ’ಯನ್ನು ಆಧರಿಸಿದ ಸಿಂಗರಾರ್ಯನ ಕೃತಿ ನಮಗೆ ಉಪಲಬ್ಧವಿರುವ ಮೊದಲ ಕನ್ನಡ ನಾಟಕವೆಂಬುದು ನಿಜ. ಆದರೆ ಪಠ್ಯ ಉಳಿದಿರುವುದು ಪ್ರಯೋಗ ನಡೆದುದಕ್ಕೆ ಸಾಕ್ಷಿಯಲ್ಲ. ಪಠ್ಯ ಉಳಿಯದಿರುವುದು ಪ್ರಯೋಗ ನಡೆಯಲಿಲ್ಲವೆಂಬುದಕ್ಕೂ ಸಾಕ್ಷಿಯಲ್ಲ.

ಯೂರೋಪಿನ ಪುನರುಜ್ಜೀವನ ಕಾಲದ ರಂಗಚರಿತ್ರೆಯು ಈ ತೊಡಕನ್ನು ನಗರಗಳ ಪತ್ರಾಗಾರಗಳ ಮೂಲಕ ಬಿಡಿಸಿಕೊಂಡಿತು. ಇಟಲಿಯ ಪಡುವಾದಲ್ಲಿ 1545ರಲ್ಲಿ ಬರೆಯಲಾದ ಕರಾರುಪತ್ರವೊಂದರಲ್ಲಿ ಎಂಟು ನಟರು ಕೂಡಿ ಮೇಳ ಕಟ್ಟುತ್ತಾರೆ. ಗಳಿಕೆಯ ಪೆಟ್ಟಿಗೆ, ಸಾಮಾನು ಹೊರಲು ಕುದುರೆ, ಕಾಯಿಲೆ ಬಿದ್ದವನ ಆರೈಕೆ ಎಲ್ಲವೂ ಅಲ್ಲಿ ನಮೂದಾಗಿವೆ. ವೃತ್ತಿಪರ ನಟವರ್ಗದ ಉದಯವನ್ನು ಚರಿತ್ರಕಾರರು ಗುರುತಿಸಿದ್ದು ನಾಟಕವೊಂದರಿಂದಲ್ಲ, ಇಂತಹ ವ್ಯವಹಾರಪತ್ರದಿಂದ. ಇಂಗ್ಲೆಂಡಿನ ಊರೂರುಗಳ ಇಂತಹ ದಾಖಲೆಗಳನ್ನು ಸಂಪಾದಿಸುವ ಯೋಜನೆ ಕೆನಡಾದ ಟೊರಾಂಟೊದಲ್ಲಿ 1970ರ ದಶಕದಲ್ಲಿ ಆರಂಭವಾಗಿ, ಯಾರ್ಕ್ ನಗರದ ಸಂಪುಟಗಳು 1979ರಲ್ಲಿ ಪ್ರಕಟವಾದವು.

ಮೈಸೂರಿಗೂ ಈ ಮಾರ್ಗ ತೆರೆದಿದೆ. 1881ರಲ್ಲಿ ರಾಜ್ಯ ಮರಳಿ ಒಡೆಯರ ಕೈಸೇರಿದ ಬಳಿಕ, ಹತ್ತನೆಯ ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ಅರಮನೆಯ ನಾಟಕ ಸಭೆ ರೂಪುಗೊಂಡಿತು. ಆಶ್ರಯವೆಂದರೆ ವೆಚ್ಚ, ವೆಚ್ಚವೆಂದರೆ ಲೆಕ್ಕ. ಹೀಗಾಗಿ ಸಂಶೋಧಕನು ‘ನಾಟಕ’ ಎಂಬ ಶೀರ್ಷಿಕೆಯನ್ನಷ್ಟೇ ಅರಸಿದರೆ ಸಾಲದು. ಉಡುಪು, ದೀಪ, ಸಂಬಳ, ಇನಾಮುಗಳ ಬಾಬುಗಳನ್ನೂ ತೆರೆದು ನೋಡಬೇಕು. ಅರಮನೆಯ ದಾಖಲೆಗಳೊಂದಿಗೆ ರಾಜ್ಯ ಪತ್ರಾಗಾರ ಇಲಾಖೆಯ ಮೈಸೂರು ವಿಭಾಗೀಯ ಕಚೇರಿಯ ಕಡತಗಳನ್ನೂ ಇಟ್ಟು ಓದಬೇಕು. ಮರದ ಹಳೆಯ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾದುದನ್ನು ನೆನೆದರೆ, ಒಂದು ಸಂಗ್ರಹದ ಮೌನವನ್ನು ಇನ್ನೊಂದರೊಡನೆ ಹೋಲಿಸದೆ ತೀರ್ಮಾನಕ್ಕೆ ಬರುವುದು ಅಪಾಯಕರ.

ಭಾಷಾವಿಜ್ಞಾನಿಗೆ ಇಲ್ಲಿ ಎರಡು ಪ್ರಶ್ನೆಗಳಿವೆ. ಮೊದಲನೆಯದು ಕರ್ತೃತ್ವದ್ದು. ಶೇಕ್ಸ್‌ಪಿಯರನ ‘ಒಥೆಲೊ’ದ ರೂಪಾಂತರವಾದ ‘ಶೂರಸೇನ ಚರಿತ್ರೆ’ ಸಾಹಿತ್ಯ ಚರಿತ್ರೆಯಲ್ಲಿ ಬಸವಪ್ಪಶಾಸ್ತ್ರಿಗಳ ಹೆಸರಿನಲ್ಲಿ ನೆಲೆಗೊಂಡಿದೆ. ಆದರೆ ಶಾಸ್ತ್ರಿಗಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಸಿ. ಸುಬ್ಬರಾಯರು ಒದಗಿಸಿದ ಗದ್ಯಾನುವಾದವೇ ಅವರ ರಚನೆಗೆ ಆಧಾರ. ಕೃತಿಯ ಒಂದು ಪದಪ್ರಯೋಗವನ್ನು ಇಂಗ್ಲಿಷಿನ ಪ್ರಭಾವವೆಂದು ಗುರುತಿಸುವಾಗ ಅದು ಯಾರ ಕನ್ನಡವೆಂದು ಮೊದಲು ಕೇಳಬೇಕು. ಅಂತೆಯೇ ಪ್ರೌಢ ಪದ್ಯಗಳಿಂದ ತುಂಬಿದ ಮುದ್ರಿತ ಪಠ್ಯವನ್ನು 1880ರ ದಶಕದ ರಂಗಭಾಷೆಯ ಮಾದರಿಯೆಂದು ನೇರವಾಗಿ ಸ್ವೀಕರಿಸಲಾಗದು.

ಎರಡನೆಯದು ಪರಿಭಾಷೆಯದು. ಅರಮನೆಯ ತಂಡ ತನ್ನನ್ನು ‘ಸಭಾ’ ಎಂದು ಕರೆದುಕೊಂಡಿತು. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ತಂಡದ ಹೆಸರು ಚನ್ನಬಸವೇಶ್ವರ ನಾಟಕ ಸಂಘ. ಜನರ ಬಾಯಲ್ಲಿ ಉಳಿದದ್ದು ಮಾತ್ರ ‘ಗುಬ್ಬಿ ಕಂಪನಿ’. ಕೊನೆಗೆ ಇಡೀ ಪ್ರಕಾರವೇ ‘ಕಂಪನಿ ನಾಟಕ’ವಾಯಿತು. ಸಭಾ, ಸಂಘಗಳ ಜಾಗವನ್ನು ‘ಕಂಪನಿ’ ಯಾವಾಗ, ಯಾರ ಬರಹದಲ್ಲಿ ಆಕ್ರಮಿಸಿತು? ನಾಟಕಕೃತಿಗಳು ಇದಕ್ಕೆ ಉತ್ತರಿಸಲಾರವು. ತಾರೀಖು, ರುಜು, ಊರಿನ ಹೆಸರು ಹೊತ್ತ ಅರ್ಜಿ, ಹುಕುಂ, ರಸೀದಿಗಳು ಉತ್ತರಿಸಬಲ್ಲವು.

ಇದಕ್ಕೆ ಬೇಕಾದ ಓದುಗಾರಿಕೆ ಮಾತ್ರ ವಿರಳವಾಗುತ್ತಿದೆ. ಹತ್ತೊಂಬತ್ತನೆಯ ಶತಮಾನದ ಮೈಸೂರು ಆಡಳಿತದ ಹಿನ್ನೆಲೆಯನ್ನು ಅರಿಯಲು ಕೈಬರಹದ ಕನ್ನಡ ಮತ್ತು ಇಂಗ್ಲಿಷ್ ಮಾತ್ರವಲ್ಲದೆ ಮರಾಠಿಯ ಮೋಡಿ ಲಿಪಿಯ ಪರಿಚಯವೂ ಅಗತ್ಯ. ಕಾಗದ ಉಳಿದು ಅದನ್ನು ಓದಬಲ್ಲವರು ಇಲ್ಲದಂತಾದರೆ ಅದೂ ಒಂದು ಬಗೆಯ ದಹನವೇ. ಆದ್ದರಿಂದ ಲಿಪಿಶಿಕ್ಷಣವನ್ನು ಶಾಸನಾಧ್ಯಯನಕ್ಕೆ ಸೀಮಿತಗೊಳಿಸದೆ ಆಧುನಿಕ ಕಡತಗಳಿಗೂ ವಿಸ್ತರಿಸುವುದು ರಂಗಚರಿತ್ರೆಗೆ ಎಷ್ಟು ಅವಶ್ಯವೋ ಕನ್ನಡ ಭಾಷಾಚರಿತ್ರೆಗೂ ಅಷ್ಟೇ ಅವಶ್ಯ.