ದಾಬಸ್‌ಪೇಟೆ ಗುಂಡಿಗೆ ಕಾಸು ಕೊಡೋರು ಯಾರು?

ಭೋಪಾಲ್ ದುರಂತ ನಡೆದದ್ದು 1984ರಲ್ಲಿ. ಅಪಾಯಕಾರಿ ತ್ಯಾಜ್ಯದ ನಿಯಮ ಬಂದದ್ದು 1989ರಲ್ಲಿ. ನಿಯಮ ಬಂದರೂ ವಿಷದ ಕೆಸರು ಹೂಳಲು ಕರ್ನಾಟಕದಲ್ಲಿ ಸರಿಯಾದ ಜಾಗವಿರಲಿಲ್ಲ. ಎಷ್ಟೋ ಕಾರ್ಖಾನೆಗಳು ತಮ್ಮ ಆವರಣದಲ್ಲೇ ಪೇರಿಸಿಟ್ಟುಕೊಂಡಿದ್ದವು. ಯೋಜನೆ ರೂಪಿಸಲು ಜರ್ಮನಿಯ ಜಿಟಿಝಡ್ ಸಂಸ್ಥೆ ರಾಜ್ಯಕ್ಕೆ ನೆರವಾಯಿತು. ಕೊನೆಗೆ ಗುಂಡಿ ಬಂದದ್ದು ನಮ್ಮ ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಗೆ. ನಡೆಸುವ ಹೊಣೆ ರಾಮ್ಕಿ ಕಂಪನಿಗೆ ಸಿಕ್ಕಿತು.

ಖರ್ಚು ಪಂಚಾಯ್ತಿಯದಲ್ಲ. ಕೊಳೆ ಮಾಡಿದ ಕಾರ್ಖಾನೆಯೇ ಟನ್ನಿಗೆ ಇಷ್ಟು ಅಂತ ಕಟ್ಟಬೇಕು. ನ್ಯಾಯವೇ ಸರಿ. ಆದರೆ ಕಟ್ಟುವುದಕ್ಕಿಂತ ರಾತ್ರಿ ಹೊತ್ತು ಕೆರೆ ಪಕ್ಕ ಸುರಿದು ಹೋಗುವುದು ಅಗ್ಗ, ಇದು ಎಲ್ಲರಿಗೂ ಗೊತ್ತು.

ಇನ್ನೊಂದಿದೆ. ಗುಂಡಿ ತುಂಬಿ ಮುಚ್ಚಿದ ಮೇಲೆ ಲಾರಿಯೂ ಬರಲ್ಲ, ದುಡ್ಡೂ ಬರಲ್ಲ. ಸುತ್ತಲಿನ ಅಂತರ್ಜಲವನ್ನು ಮಾತ್ರ 30 ವರ್ಷ ಪರೀಕ್ಷಿಸುತ್ತಲೇ ಇರಬೇಕು. ಅದಕ್ಕೆಂದು ಈಗಲೇ ತೆಗೆದಿಟ್ಟಿರುವುದು ಎಷ್ಟು? ಮುಂದಿನ ಗ್ರಾಮಸಭೆಯಲ್ಲಿ ಕೇಳಿ.