ನೀರೆತ್ತುವ ನಿರ್ಧಾರ ಯಾರದು? ಕುಟ್ಟನಾಡಿನ ನೆರೆ ಚೇತರಿಕೆಯಲ್ಲಿ ಪಾಡಶೇಖರ ಸಮಿತಿಗಳ ಪಾತ್ರ

ನೆರೆ ಇಳಿಯುತ್ತದೆ, ಆಮೇಲೆ ಜನ ಮನೆಗೆ ಮರಳುತ್ತಾರೆ: ನೆರೆ ಪರಿಹಾರದ ಯೋಜನೆಗಳೆಲ್ಲ ಈ ಕ್ರಮವನ್ನು ನಂಬಿಕೊಂಡಿವೆ. ಕೇರಳದ ಕುಟ್ಟನಾಡಿಗೆ ಇದು ಪೂರ್ತಿ ಅನ್ವಯಿಸುವುದಿಲ್ಲ. ಆಲಪ್ಪುಳ, ಕೋಟ್ಟಯಂ, ಪತ್ತನಂತಿಟ್ಟ ಜಿಲ್ಲೆಗಳಲ್ಲಿ ಹರಡಿರುವ ಈ ಪ್ರದೇಶದ ಗದ್ದೆಗಳು ಸಮುದ್ರಮಟ್ಟಕ್ಕಿಂತ ಸುಮಾರು 0.6ರಿಂದ 2.2 ಮೀಟರ್‌ವರೆಗೆ ತಗ್ಗಿನಲ್ಲಿವೆ. ಒಳನುಗ್ಗಿದ ನೀರನ್ನು ಬಂಡಿನಾಚೆಗೆ ಎತ್ತಿ ಹಾಕುವವರೆಗೆ ಅಲ್ಲಿ ಚೇತರಿಕೆ ಶುರುವಾಗದು. ಪಂಪು ಯಾರ ಅಧೀನದಲ್ಲಿದೆ, ಅದನ್ನು ಯಾವಾಗ ನಡೆಸಬೇಕೆಂದು ಯಾರು ತೀರ್ಮಾನಿಸುತ್ತಾರೆ ಎಂಬುದೇ ಸಮುದಾಯದ ನೆರೆ ಎದುರಿಸುವ ಶಕ್ತಿಯನ್ನು ನಿರ್ಧರಿಸುತ್ತದೆ ಎಂಬುದು ಈ ಲೇಖನದ ವಾದ.

ಬಂಡಿನೊಳಗಿನ ಕೂಡುವ್ಯವಸ್ಥೆ

ಪಂಪಾ, ಅಚ್ಚನ್‌ಕೋವಿಲ್, ಮಣಿಮಲ, ಮೀನಚ್ಚಿಲ್ ನದಿಗಳು ಕುಟ್ಟನಾಡಿನ ಮೂಲಕ ವೇಂಬನಾಡ್ ಹಿನ್ನೀರು ಸೇರುತ್ತವೆ. ಇಲ್ಲಿನ ಕೃಷಿಯ ಘಟಕ ಪಾಡಶೇಖರ, ಅಂದರೆ ಒಂದೇ ಹೊರಬಂಡಿನೊಳಗಿರುವ ಹಲವರ ಗದ್ದೆಗಳ ಸಮೂಹ. ಭೂಮಿ ಬೇರೆಬೇರೆಯವರದು, ನೀರು ಮಾತ್ರ ಎಲ್ಲರಿಗೂ ಒಂದೇ. ಒಬ್ಬನ ಗದ್ದೆಯಂಚಿನಲ್ಲಿ ಬಂಡು ಒಡೆದರೆ ಎಲ್ಲರ ಬೆಳೆಯೂ ಹೋಗುತ್ತದೆ. ಬಂಡಿನ ದುರಸ್ತಿ, ನೀರೆತ್ತುವುದು, ಬಿತ್ತನೆಯ ದಿನ ಇವೆಲ್ಲ ಭೂಮಾಲೀಕರ ಸಮಿತಿಯ ತೀರ್ಮಾನಗಳಾದದ್ದು ಈ ಅನಿವಾರ್ಯದಿಂದ. ಹಿಂದೆ ಕೂಲಿಕಾರರು ಕಾಲಿನಿಂದ ತುಳಿಯುವ ಚಕ್ರಗಳಿಂದ ನೀರೆತ್ತುತ್ತಿದ್ದರು. 20ನೇ ಶತಮಾನದ ಆರಂಭದಲ್ಲಿ ಬ್ರಿಟಿಷ್ ಎಂಜಿನಿಯರ್ ಜಾರ್ಜ್ ಬ್ರಂಟನ್ ರೂಪಿಸಿದ ‘ಪೆಟ್ಟಿಯುಂ ಪರಯುಂ’ ಎಂಬ ಪಂಪು ಆ ಜಾಗಕ್ಕೆ ಬಂತು. ಈಗ ಅದು ವಿದ್ಯುತ್ತಿನಿಂದ ನಡೆಯುತ್ತದೆ; ನೀರೆತ್ತುವ ಗುತ್ತಿಗೆಯ ಹರಾಜು ಮತ್ತು ಸಹಾಯಧನವನ್ನು ಆಲಪ್ಪುಳದ ಪುಂಜ ವಿಶೇಷ ಕಚೇರಿ ನೋಡಿಕೊಳ್ಳುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿ ನಡೆಯುವ ಈ ಕೃಷಿ ಪದ್ಧತಿಯನ್ನು ಜಾಗತಿಕ ಮಹತ್ವದ ಕೃಷಿ ಪರಂಪರೆಯೆಂದು ಮಾನ್ಯ ಮಾಡಿತು.

2018ರ ಪರೀಕ್ಷೆ

2018ರ ಜೂನ್ 1ರಿಂದ ಆಗಸ್ಟ್ 19ರವರೆಗೆ ಕೇರಳದಲ್ಲಿ ವಾಡಿಕೆಗಿಂತ ಶೇ. 42ರಷ್ಟು ಹೆಚ್ಚು ಮಳೆ ಸುರಿಯಿತು. ಕುಟ್ಟನಾಡಿಗೆ ಜುಲೈಯಲ್ಲೇ ಒಂದು ನೆರೆ ಬಂದಿತ್ತು. ಒಡೆದ ಬಂಡುಗಳನ್ನು ಮುಚ್ಚಿ ಮುಗಿಸುವ ಮೊದಲೇ ಆಗಸ್ಟಿನ ಮಹಾಪೂರ ಎರಗಿತು. ನೆರೆನೀರನ್ನು ನೇರ ಸಮುದ್ರಕ್ಕೆ ಬಿಡಲೆಂದು 1955ರಲ್ಲಿ ಕಟ್ಟಿದ ತೋಟಪ್ಪಳ್ಳಿ ಸ್ಪಿಲ್‌ವೇ ತನ್ನ ವಿನ್ಯಾಸದ ಸಾಮರ್ಥ್ಯದ ಮೂರನೇ ಒಂದು ಭಾಗದಷ್ಟನ್ನೇ ಹೊರಹಾಕಬಲ್ಲದು. ಕುಟ್ಟನಾಡಿನಿಂದ ಎರಡು ಲಕ್ಷಕ್ಕೂ ಹೆಚ್ಚು ಜನರನ್ನು ತೆರವುಗೊಳಿಸಲಾಯಿತು.

ಆಗಸ್ಟ್ 28ರಿಂದ ನಡೆದ ಸಾಮೂಹಿಕ ಸ್ವಚ್ಛತಾ ಅಭಿಯಾನಕ್ಕೆ ಹತ್ತಾರು ಸಾವಿರ ಸ್ವಯಂಸೇವಕರು ಬಂದರು. ಆದರೆ ನೀರು ನಿಂತ ಮನೆಯನ್ನು ಗುಡಿಸಿ ತೊಳೆಯುವುದು ಹೇಗೆ? ಅನೇಕ ಕಡೆ ಮೋಟಾರುಗಳೇ ಮುಳುಗಿ ಕೆಟ್ಟಿದ್ದವು. ಅವನ್ನು ಬಿಚ್ಚಿ ರಿಪೇರಿಗೆ ಸಾಗಿಸಬೇಕು, ಬಂಡಿನ ಬಿರುಕಿಗೆ ಗೂಟ ಹೊಡೆದು ಮಣ್ಣು ತುಂಬಬೇಕು, ಆಮೇಲೆ ಪಂಪು ಹಚ್ಚಬೇಕು. ಬಿರುಕು ಮುಚ್ಚದೆ ನೀರೆತ್ತಿದರೆ ಎತ್ತಿದ ನೀರೇ ತಿರುಗಿ ಒಳಗೆ ಬರುತ್ತದೆ. ಕೈನಕರಿಯಂಥ ತೀರ ತಗ್ಗಿನ ಗ್ರಾಮಗಳಲ್ಲಿ ಇದಕ್ಕೆ ವಾರಗಳೇ ಹಿಡಿದವು. ಹೊರಗಿನಿಂದ ಬಂದವರಿಗೆ ಗೊತ್ತಿಲ್ಲದ ಈ ಕ್ರಮ ಪಾಡಶೇಖರಗಳಿಗೆ ಪ್ರತಿವರ್ಷದ ರೂಢಿ.

ಸಮಿತಿಯ ಹೊರಗುಳಿದವರು

ಹಾಗೆಂದು ಈ ವ್ಯವಸ್ಥೆಯನ್ನು ಇಡೀ ಸಮುದಾಯದ್ದೆಂದು ಕರೆಯಲಾಗದು. ಹೊರಬಂಡು ಗದ್ದೆಗೆ ಕಾವಲು. ಅದೇ ಬಂಡು ಕೃಷಿಕಾರ್ಮಿಕರಿಗೆ ಮನೆಯ ಅಡಿಪಾಯವೂ ಹೌದು. 1970ರ ಜನವರಿ 1ರಿಂದ ಜಾರಿಗೆ ಬಂದ ಭೂಸುಧಾರಣೆ, ಒಡೆಯರ ಜಮೀನಿನಲ್ಲಿ ಗುಡಿಸಲು ಕಟ್ಟಿಕೊಂಡಿದ್ದವರಿಗೆ ಪಂಚಾಯತಿ ಪ್ರದೇಶದಲ್ಲಿ 10 ಸೆಂಟ್‌ವರೆಗಿನ ನಿವೇಶನದ ಹಕ್ಕು ಕೊಟ್ಟಿತು. ಮನೆಯ ಹಕ್ಕು ಬಂದರೂ ನೀರಿನ ನಿರ್ಧಾರದಲ್ಲಿ ಪಾಲು ಬರಲಿಲ್ಲ. ಇಲ್ಲಿನ ಮುಖ್ಯ ಭತ್ತದ ಬೆಳೆಯಾದ ಪುಂಜದ ಕೊಯ್ಲು ಬೇಸಿಗೆಯಲ್ಲಿ ಮುಗಿಯುತ್ತದೆ. ಮಳೆಗಾಲದ ಎರಡನೇ ಬೆಳೆ ಬೇಡವೆಂದು ಸಮಿತಿ ತೀರ್ಮಾನಿಸಿದರೆ ಪಂಪು ನಿಲ್ಲುತ್ತದೆ, ಬಂಡಿನೊಳಗೂ ನೀರು ತುಂಬುತ್ತದೆ, ಅಂಚಿನ ಮನೆಗಳು ನದಿ ಉಕ್ಕದಿದ್ದರೂ ತೊಯ್ದು ನಿಲ್ಲುತ್ತವೆ. ಇದಕ್ಕೆ ಮಾಲೀಕರ ನಿರ್ದಯತೆಯನ್ನು ಕಾರಣವಾಗಿಸಬೇಕಿಲ್ಲ. ಬೆಳೆಯೇ ಇಲ್ಲದಾಗ ನೀರೆತ್ತುವ ಖರ್ಚನ್ನು ಹೊರುವ ಲೆಕ್ಕ ಆ ವ್ಯವಸ್ಥೆಯೊಳಗೆ ಇಲ್ಲ.

1998ರಲ್ಲಿ ಆರಂಭವಾದ, ಕೇರಳ ಸರ್ಕಾರದ ಮಹಿಳಾ ಸ್ವಸಹಾಯ ಯೋಜನೆಯಾದ ಕುಟುಂಬಶ್ರೀಯ ನೆರೆಕರೆ ಗುಂಪುಗಳ ಆಧಾರ ಬೇರೆ. ಅಲ್ಲಿ ಸದಸ್ಯತ್ವ ಜಮೀನಿನಿಂದಲ್ಲ, ಮನೆಯಿಂದ. 2018ರ ನಂತರ ನೆರೆಪೀಡಿತ ಕುಟುಂಬಗಳಿಗೆ ₹1 ಲಕ್ಷದವರೆಗಿನ ಬಡ್ಡಿರಹಿತ ಸಾಲ ಈ ಗುಂಪುಗಳ ಮೂಲಕವೇ ತಲುಪಿತು. ಹೀಗೆ ಮನೆಯ ಸಾಮಾನಿನ ಸಾಲಕ್ಕೆ ಒಂದು ಸಂಘಟನೆ, ಮನೆಯಂಗಳದ ನೀರಿಗೆ ಇನ್ನೊಂದು. ಎರಡೂ ಒಟ್ಟಿಗೆ ಕೂತು ನಿರ್ಧರಿಸುವ ವೇದಿಕೆ ಮಾತ್ರ ಇಲ್ಲ.

ಸಮಾರೋಪ

ಕುಟ್ಟನಾಡಿಗೆ ಹೊಸ ಸಂಘಟನೆ ಕಟ್ಟಿಕೊಡಬೇಕಾದ ಅಗತ್ಯವಿಲ್ಲ; ಇರುವುದರ ಬಾಗಿಲು ಅಗಲವಾಗಬೇಕು. ನೀರೆತ್ತುವ ಸಹಾಯಧನವನ್ನು ಬಿತ್ತಿದ ಗದ್ದೆಯ ಜತೆಗೆ ಬಂಡಿನ ಮೇಲಿನ ಮನೆಗಳನ್ನೂ ಲೆಕ್ಕಕ್ಕೆ ಹಿಡಿದು ಕೊಡಬೇಕು. ಮಳೆಗಾಲದ ಪಂಪು ನಿಲ್ಲಿಸುವ ಮುನ್ನ ಗ್ರಾಮಸಭೆಯಲ್ಲಿ ಆ ಮನೆಗಳವರ ಒಪ್ಪಿಗೆ ಪಡೆಯುವ ನಿಯಮ ಬರಬೇಕು. ತಗ್ಗುಪ್ರದೇಶದ ಯಾವುದೇ ಚೇತರಿಕೆಯನ್ನು ‘ಸಮುದಾಯದ್ದು’ ಎಂದು ಹೊಗಳುವ ಅಧ್ಯಯನಗಳು ಮೊದಲು ಕೇಳಬೇಕಾದದ್ದು, ಆ ಸಮುದಾಯದ ಸಭೆಯಲ್ಲಿ ಜಮೀನಿಲ್ಲದವರಿಗೆ ಮತವಿದೆಯೇ ಎಂದು.